ಕೈಗೆ ತಾಗಿದ ಚೆಂಡು

ನಮ್ಮ ಪಿ.ಟಿ. ಮಾಸ್ತರರ ಎಡಗಾಲಿನ ಹೆಬ್ಬೆರಳಿಗೆ ಉಗುರಿರಲಿಲ್ಲ. ವರ್ಷಗಟ್ಟಲೆ ಚೆಂಡು ಒದ್ದು ಒದ್ದು ಅದು ಉದುರಿಹೋಗಿ, ಆ ಜಾಗ ಹುಣಸೆಬೀಜದ ಹಾಗೆ ಕಪ್ಪಗೆ ಗಟ್ಟಿಯಾಗಿತ್ತು. ಅಥಣಿಯಲ್ಲಿ ಹೇಳಿ ಮಾಡಿಸಿದ ಅವರ ಚಪ್ಪಲಿಯಲ್ಲಿ ಎಡಗಾಲಿನದು ಬಲಗಾಲಿನದಕ್ಕಿಂತ ಒಂದು ಬೆರಳು ಅಗಲ. ಸ್ಟಾಫ್ ರೂಮಿನ ಬಾಗಿಲಲ್ಲಿ ಆ ಜೋಡಿ ಕಂಡರೆ ಅವರು ಒಳಗಿದ್ದಾರೆಂದು ನಮಗೆ ತಿಳಿಯುತ್ತಿತ್ತು.

ಎಂಬತ್ತರ ದಶಕದ ನಡುವಿನಲ್ಲಿ ನಾನು ನಿಪ್ಪಾಣಿಯ ಹೈಸ್ಕೂಲಿಗೆ ಕನ್ನಡ ಶಿಕ್ಷಕಿಯಾಗಿ ಸೇರಿದಾಗ ಅವರು ಆಟ ಬಿಟ್ಟು ಬಹಳ ವರ್ಷಗಳಾಗಿದ್ದವು. ಬೇಡಕಿಹಾಳದ ಕಬ್ಬು ಬೆಳೆಯುವ ಜೈನ ಮನೆತನ. ಪ್ರಾಯದಲ್ಲಿ ಕೊಲ್ಲಾಪುರದ ಒಂದು ಪೇಟೆಯ ಫುಟ್‌ಬಾಲ್ ತಂಡಕ್ಕೆ ಫಾರ್ವರ್ಡ್ ಆಗಿ ಆಡಿ ಹೆಸರು ಮಾಡಿದವರು. ಹೊತ್ತು ಮುಳುಗಿದ ಮೇಲೆ ಅವರಿಗೆ ಊಟವಿಲ್ಲ. ಐದೂವರೆಗೆ ಮೈದಾನದ ಅಂಚಿನಲ್ಲಿ ಡಬ್ಬಿ ಬಿಚ್ಚಿ ಕೂಡುತ್ತಿದ್ದರು. "ಚರ್ಮದ ಚೆಂಡ ಒದೀತೀರಿ, ರಾತ್ರಿ ಮಾತ್ರ ಉಣ್ಣಂಗಿಲ್ಲ. ಇದ್ಯಾವ ಧರ್ಮರಿ ಸರ?" ಎಂದು ನಾನು ಕೆಣಕಿದರೆ, "ಒದ್ದದ್ದಕ್ಕೂ ವರ್ಷಕ್ಕೊಮ್ಮಿ ಕ್ಷಮಾ ಕೇಳತೀನ್ರಿ ಬಾಯಾರ" ಅನ್ನುತ್ತಿದ್ದರು. ನಾನು ಅದನ್ನು ಚೇಷ್ಟೆ ಎಂದುಕೊಂಡಿದ್ದೆ.

ಆಟದ ಸಾಮಾನಿನ ಕಪಾಟಿಗೆ ಒಬ್ಬ ಆಟಗಾರನ ಚಿತ್ರ ಅಂಟಿಸಿದ್ದರು. ಆಗ ರಷ್ಯದಿಂದ ನುಣುಪು ಹಾಳೆಯ ಪತ್ರಿಕೆ ಬರುತ್ತಿತ್ತು, ನಾವೆಲ್ಲ ಅದನ್ನು ಪುಸ್ತಕಕ್ಕೆ ಹೊದಿಕೆ ಹಾಕಲು ಹರಿಯುತ್ತಿದ್ದೆವು. ಅದರಲ್ಲಿ ಅವರು ಉಳಿಸಿಕೊಂಡದ್ದು ಆ ಒಂದು ಹಾಳೆ. "ಜಾರ್ಜಿಯಾದಾಂವ್ರಿ. ಅಲ್ಲೂ ದ್ರಾಕ್ಷಿ ಬೆಳೀತಾರಂತ, ನಮ್ಮ ಅಥಣಿಯಂಗ. ಫಾರ್ವರ್ಡ್ ಆಡಿ ಈಗ ರಿಟೈರ್ ಆಗ್ಯಾನ. ಗೋಲಿನ ಮುಂದ ಎಂಥಾ ಗದ್ದಲ ಐತಿ ನೋಡ್ರಿ, ಕೈ ಮಾತ್ರ ಹೆಂಗ ಹಿಂದ ಇಟ್ಟಾನ." ಎಲ್ಲರೂ ಆಟಗಾರನ ಕಾಲು ನೋಡಿದರೆ ಇವರು ಕೈ ನೋಡುತ್ತಾರಲ್ಲ ಎಂದು ನನಗೆ ವಿಚಿತ್ರವೆನಿಸಿತ್ತು.

ಆ ವರ್ಷ ಭಾದ್ರಪದದಲ್ಲಿ ಅವರ ಹತ್ತು ದಿನಗಳ ಪರ್ವ ಮುಗಿದು ಕ್ಷಮಾವಾಣಿ ಬಂತು. ವರ್ಷದಲ್ಲಿ ಮಾಡಿದ ತಪ್ಪಿಗೆಲ್ಲ ಜೈನರು ಒಬ್ಬರನ್ನೊಬ್ಬರು ಕ್ಷಮೆ ಕೇಳುವ ದಿನ. ಮಾಸ್ತರರು ಎರಡು ಪೋಸ್ಟ್ ಕಾರ್ಡು ತಂದು ನನ್ನ ಮೇಜಿನ ಮೇಲಿಟ್ಟರು.

"ಮರಾಠಿಯೊಳಗ ನಾಕ ಸಾಲ ಬರದ ಕೊಡ್ರಿ. ನನ್ನ ಅಕ್ಷರದಾಗ ಬರದ್ರ, ಆತಗ ಕ್ಷಮಾ ಮಾಡೂ ಮನಸ್ಸಿದ್ರೂ ಓದಾಕ ಆಗೂದಿಲ್ಲ."

ಅವರು ಹೇಳಿದರು, ನಾನು ಬರೆದೆ. 'ಅವತ್ತು ಫೈನಲ್‌ನಲ್ಲಿ ಚೆಂಡು ನನ್ನ ಎಡಗೈಗೆ ತಾಗಿಯೇ ಗೋಲಿನೊಳಗೆ ಹೋಯಿತು. ನೀನು ಹೇಳಿದ್ದು ಖರೆ. ನಾನು ಸುಮ್ಮನಿದ್ದೆ. ಕ್ಷಮಿಸು.' ಕೆಳಗೆ ತಾವೇ ಸಹಿ ಹಾಕಿದರು.

ಕಾರ್ಡು ಕೊಲ್ಲಾಪುರದ ಒಬ್ಬ ಗೋಲ್‌ಕೀಪರನಿಗೆ. ಕೈ ತಾಗಿದ್ದನ್ನು ರೆಫರಿ ನೋಡಿರಲಿಲ್ಲ, ಆತ ಒಬ್ಬನೇ ನೋಡಿದ್ದ. ಎಷ್ಟು ಕೂಗಿದರೂ ಯಾರೂ ನಂಬಲಿಲ್ಲ. ಚೆಂಡು ಹಿಡಿಯಲಾರದೆ ನೆಪ ಹೇಳುತ್ತಾನೆಂದು ಅವನ ಪೇಟೆಯವರೇ ಉಗಿದರು. ಆತ ಮತ್ತೆ ಮೈದಾನಕ್ಕಿಳಿಯಲಿಲ್ಲ. ಇವರನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು. "ಈ ನೌಕರಿ ಆ ಗೋಲ್‌ನಿಂದನ ಬಂದದ್ರಿ" ಎಂದು ಮಾಸ್ತರರು ತಲೆ ತಗ್ಗಿಸಿದರು. ಪ್ರತಿ ವರ್ಷ ಕಾರ್ಡು ಹೋಗುತ್ತಿತ್ತು, ಒಂದಕ್ಕೂ ಉತ್ತರ ಬಂದಿರಲಿಲ್ಲ.

ಇನ್ನೊಂದು ಕಾರ್ಡನ್ನು ನನ್ನ ಕಡೆ ಸರಿಸಿದರು. "ಒಂದ ನಿಮಗೂ ಇರಲಿ."

ನಾನು ರಾಯಬಾಗದಲ್ಲಿದ್ದ ನನ್ನ ಅಕ್ಕನೊಡನೆ ಮಾತು ಬಿಟ್ಟದ್ದು ಅವರಿಗೆ ಗೊತ್ತಿತ್ತು. ಕೊನೆಯ ದಿನಗಳಲ್ಲಿ ಅವ್ವನನ್ನು ಯಾರು ನೋಡಿಕೊಂಡರೆಂಬ ಜಗಳದಲ್ಲಿ, ಹೆಣ ಇನ್ನೂ ಮನೆಯಲ್ಲಿರುವಾಗಲೇ ನಾನು ಆಡಬಾರದ ಮಾತು ಆಡಿದ್ದೆ. "ಅದ ನಮ್ಮ ಹಬ್ಬ ಅಲ್ರಿ ಸರ" ಎಂದೆ ಬಿಗಿಯಾಗಿ.

"ತಪ್ಪ ಮಾಡುವಾಗ ಜಾತಿ ಕೇಳಿದ್ರೇನ್ರಿ?"

ಸಿಟ್ಟು ಬಂತು. ಕಾರ್ಡನ್ನು ಡ್ರಾವರಿನೊಳಗೆ ಎಸೆದೆ. ಅವರು ಮತ್ತೆ ಆ ಮಾತೆತ್ತಲಿಲ್ಲ, ಆದರೆ ಪ್ರತಿ ವರ್ಷ ಎರಡು ಕಾರ್ಡು ತರುವುದನ್ನು ಬಿಡಲಿಲ್ಲ.

ಒಮ್ಮೆ ಅಥಣಿಯ ಪಂದ್ಯದಲ್ಲಿ ನಮ್ಮ ಹುಡುಗರು ಕೊನೆಗಳಿಗೆಯಲ್ಲಿ ಗೋಲು ಹೊಡೆದು ಗೆಲ್ಲುವುದರಲ್ಲಿದ್ದರು. ಮಾಸ್ತರರು ಸೀದಾ ಮೈದಾನದೊಳಗೆ ನಡೆದು ರೆಫರಿಗೆ, "ನಮ್ಮ ಹುಡುಗನ ಕೈಗೆ ತಾಗೇತ್ರಿ, ಗೋಲ್ ಕೊಡಬ್ಯಾಡ್ರಿ" ಎಂದರು. ಸೋತು ಬಂದೆವು. ಹೆಡ್‌ಮಾಸ್ತರರು ವಾರಗಟ್ಟಲೆ ಅವರ ಮುಖ ನೋಡಲಿಲ್ಲ. ಅವತ್ತು ವಾಪಸು ಬರುವಾಗ ಬಸ್ಸಿನಲ್ಲಿ ಮಾತ್ರ ಮಾಸ್ತರರು ಹುಡುಗರ ಜೊತೆ ದ್ರಾಕ್ಷಿ ತಿನ್ನುತ್ತ ಎಂದೂ ಇಲ್ಲದಷ್ಟು ನಕ್ಕಿದ್ದರು.

ರಿಟೈರ್ ಆಗಲು ಒಂದು ವರ್ಷವಿರುವಾಗ, ಬೇಸಿಗೆಯ ಸೂಟಿಯಲ್ಲಿ, ಬೇಡಕಿಹಾಳದ ಮನೆಯಲ್ಲಿ ಎದೆನೋವು ಬಂದು ತೀರಿಕೊಂಡರು. ಅಂತ್ಯಕ್ರಿಯೆಗೆ ಹೋದಾಗ ಹೊಸ್ತಿಲ ಬಳಿ ಆ ಅಗಲ ಚಪ್ಪಲಿ ಇತ್ತು. ಅವರು ಒಳಗಿದ್ದಾರೆ ಎಂದೇ ಒಂದು ಗಳಿಗೆ ಅನ್ನಿಸಿತು.

ಆ ವರ್ಷದ ಕ್ಷಮಾವಾಣಿ ದಾಟಿ ಹದಿನೈದು ದಿನಕ್ಕೆ ಶಾಲೆಯ ವಿಳಾಸಕ್ಕೆ, ಅವರ ಹೆಸರಿಗೆ ಕೊಲ್ಲಾಪುರದಿಂದ ಮರಾಠಿಯಲ್ಲಿ ಒಂದು ಕಾರ್ಡು ಬಂತು. ಹೆಡ್‌ಮಾಸ್ತರರು ಅದನ್ನು ನನ್ನ ಕೈಗಿಟ್ಟರು.

'ಈ ವರ್ಷ ನಿಮ್ಮ ಕಾರ್ಡು ಬರಲಿಲ್ಲ. ಆರೋಗ್ಯ ಹೇಗಿದೆ? ಮೊದಲನೆಯ ಕಾರ್ಡಿಗೇ ನನ್ನ ಸಿಟ್ಟು ಇಳಿದಿತ್ತು. ಉತ್ತರ ಕೊಟ್ಟರೆ ನೀವು ಬರೆಯುವುದು ನಿಂತೀತೆಂದು ಸುಮ್ಮನಿದ್ದೆ. ನಾನು ಹೇಳಿದ್ದು ಖರೆ ಎಂದು ವರ್ಷಕ್ಕೊಮ್ಮೆ ಓದುವುದು ನನಗೆ ಬೇಕಾಗಿತ್ತು. ತಪ್ಪು ನನ್ನದೂ ಇದೆ, ಕ್ಷಮಿಸಿ.'

ನಾನು ಅತ್ತೆ. ಅಷ್ಟು ವರ್ಷ ಅಂಚೆಯವನ ಸೈಕಲ್ ಬಂದಾಗಲೆಲ್ಲ ಮೈದಾನದಿಂದ ತಿರುಗಿ ನೋಡುತ್ತಿದ್ದ ಆ ಮನುಷ್ಯನನ್ನು ನೆನೆದು ಆ ಕೀಪರನ ಮೇಲೆ ಸಿಟ್ಟೂ ಬಂತು. ಮಾಸ್ತರರು ಇಲ್ಲವೆಂದು ಅವನಿಗೆ ಅವತ್ತೇ ಬರೆದೆ. ಬರೆದು ಮುಗಿಸಿದಾಗ, ಅವನನ್ನು ಬೈಯಲು ನಾನ್ಯಾರು ಅನ್ನಿಸಿತು.

ಡ್ರಾವರಿನಲ್ಲಿ ಒಂಬತ್ತು ಖಾಲಿ ಕಾರ್ಡುಗಳಿದ್ದವು. ಬರೆದರೆ ಮುಟ್ಟಲು ಎರಡು ದಿನ. ಆ ಭಾನುವಾರ ಅಷ್ಟನ್ನೂ ಚೀಲದಲ್ಲಿ ಹಾಕಿಕೊಂಡು ರಾಯಬಾಗದ ಬಸ್ಸು ಹತ್ತಿದೆ. ಬಾಗಿಲು ತೆರೆದ ಅಕ್ಕನಿಗೆ ಏನು ಹೇಳಬೇಕೆಂದು ತೋಚದೆ ಕಾರ್ಡುಗಳನ್ನೇ ಚಾಚಿದೆ. ಅವಳು ಒಂದೊಂದನ್ನೂ ತಿರುವಿ ನೋಡಿದಳು.

"ಒಂದರಾಗೂ ಏನೂ ಬರದಿಲ್ಲಲ್ಲ?"

"ಬರೀಬೇಕಾಗಿದ್ದ ಮಾತ ಒಂದ ಇತ್ತ, ಅಕ್ಕಾ. ಅದನ್ನ ಬರಿಯಾಕ ಆಗಲಿಲ್ಲ."

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. "ಚಪ್ಪಲಿ ಅಲ್ಲೇ ಬಿಟ್ಟ ಒಳಗ ಬಾ" ಅಂದಳು.