ಹೊಟ್ಟೆಕಿಚ್ಚಿದ್ದೂ ಲೆಕ್ಕ ತಪ್ಪದ ವರ್ನೆಟಾ

ಅಮೆರಿಕದ ಮಿಲ್ವಾಕಿ ನಗರದ ಬಸ್ ನಿಲ್ದಾಣದಲ್ಲಿ ಇನ್ನೂ ಬೆಳಕು ಸರಿಯಾಗಿ ಹರಿದಿಲ್ಲ. ಉಣ್ಣೆಯ ಟೋಪಿಯನ್ನು ಕಿವಿ ಮುಚ್ಚುವಂತೆ ಎಳೆದುಕೊಂಡ ವರ್ನೆಟಾ ಟಿಲ್ಮನ್ ಎದುರಿನ ಹೊಸ ಹೈಸ್ಕೂಲನ್ನು ದಿಟ್ಟಿಸುತ್ತಿದ್ದಾರೆ. ಬಸ್ಸಿಳಿದ ಮಕ್ಕಳು ನಗುತ್ತ ಒಳಗೆ ಹೋಗುತ್ತಾರೆ.

"ಆ ಕಿಟಕಿಗಳನ್ನ ನೋಡಿ, ಎಷ್ಟು ದೊಡ್ಡವು! ನಮ್ಮ ಸ್ಕೂಲಲ್ಲಿ ಒಡೆದ ಗಾಜಿಗೆ ರಟ್ಟು ಅಂಟಿಸ್ತಿದ್ವಿ," ಎಂದು ಪತ್ರಿಕೆಯಿಂದ ಬಂದ ನಮಗೆ ಹೇಳಿ ಮೂತಿ ತಿರುವುತ್ತಾರೆ.

ಅದು ಸರ್ಕಾರದ ಹಣದಲ್ಲಿ, ತನ್ನದೇ ಆಡಳಿತದಲ್ಲಿ ನಡೆಯುವ ಚಾರ್ಟರ್ ಶಾಲೆ. ಅಂಥ ಶಾಲೆಗಳಿಗೆ ಎಷ್ಟು ಮಕ್ಕಳು ಬಂದರು, ಎಷ್ಟು ಜನ ಬಿಟ್ಟರು, ಬಡವರೆಷ್ಟು, ಅಂಗವಿಕಲರೆಷ್ಟು ಎಂದು ಅಳೆದು ವರದಿ ಬರೆಯುವುದು ವರ್ನೆಟಾ ಕೆಲಸ. ಪರವಾನಗಿ ಮುಂದುವರಿಯುವುದೋ ನಿಲ್ಲುವುದೋ ಅದರ ಮೇಲೆ. ವರದಿಯಲ್ಲಿ ಅವರ ಹೆಸರು ಮಾತ್ರ ಎಲ್ಲೂ ಇರುವುದಿಲ್ಲ.

ಮೊದಲು ಅವರು ಲಿಂಡೆನ್ ಹೈಸ್ಕೂಲಿನ ಕಚೇರಿಯಲ್ಲಿದ್ದರು. ಈ ಶಾಲೆ ತೆರೆದ ಮೇಲೆ ಮಕ್ಕಳೆಲ್ಲ ಇತ್ತ ಬಂದರು, ಲಿಂಡೆನ್‌ಗೆ ಬೀಗ ಬಿತ್ತು. ಪಕ್ಕದ ಮೇಜಿನ ಗೆಳತಿ ಡೆಲ್ಫೀನ್ ಗೇನ್ಸ್ ಕೂಡ ಇತ್ತಲೇ ಬಂದು ದಾಖಲಾತಿ ಮುಖ್ಯಸ್ಥೆಯಾದರು. ಚರ್ಚಿನ ಗಾಯನ ತಂಡದಲ್ಲಿ ಇಬ್ಬರೂ ಇಂದಿಗೂ ಅಕ್ಕಪಕ್ಕ ನಿಲ್ಲುತ್ತಾರೆ.

ಕಳೆದ ವರ್ಷ ಈ ಶಾಲೆಯ ಸರದಿ ಬಂತು. ಒಂಬತ್ತನೇ ತರಗತಿಗೆ ಸೇರಿದವರಲ್ಲಿ ಮೂರರಲ್ಲೊಂದು ಪಾಲು ಹನ್ನೆರಡನೇ ತರಗತಿಯ ಹೊತ್ತಿಗೆ ಕಾಣೆ. ಫಲಿತಾಂಶ ಹೊಳೆಯಲೆಂದು ದಡ್ಡರನ್ನು ಹೊರಗೆ ಹಾಕಿದ್ದಾರೆ ಎಂದೇ ಅವರು ಊಹಿಸಿದರು. "ಡೆಲ್ಫೀನ್ ಸಿಕ್ಕಿಬಿದ್ಲು ಅಂದ್ಕೊಂಡೆ. ಖುಷಿಯಾಯ್ತು, ಸುಳ್ಳು ಯಾಕೆ ಹೇಳ್ಲಿ?"

ಆದರೆ ಊಹೆಯನ್ನು ವರದಿ ಮಾಡುವವರಲ್ಲ ವರ್ನೆಟಾ. ಬಿಟ್ಟುಹೋದವರ ಮನೆಗಳಿಗೆ ಫೋನ್ ಹಚ್ಚಿದರು. ಬಾಡಿಗೆ ಏರಿ, ಊರಾಚೆಗೆ ಹೋದವರೇ ಹೆಚ್ಚು. ಒಬ್ಬ ತಂದೆ ರೇಗಿಯೇಬಿಟ್ಟರು: "ಹೊರಗೆ ಹಾಕೋದಾ? ಡೆಲ್ಫೀನ್ ಮೇಡಂ ಚಳಿಗಾಲ ಪೂರ್ತಿ ತಮ್ಮ ಕಾರಲ್ಲೇ ನನ್ನ ಮಗಳನ್ನ ಕರ್ಕೊಂಡು ಹೋದ್ರು. ಅವರಿಗೆ ಇನ್ನೆಷ್ಟು ತೊಂದ್ರೆ ಕೊಡೋದು ಅಂತ ನಾವೇ ಬೇರೆ ಸ್ಕೂಲಿಗೆ ಹಾಕಿದ್ವಿ."

"ಅವತ್ತು ಊಟ ಸೇರಲಿಲ್ಲ ನಂಗೆ," ಎನ್ನುತ್ತಾರೆ ವರ್ನೆಟಾ. "ಅವಳು ತಪ್ಪು ಮಾಡಿದ್ರೆ ತಡ್ಕೋತಿದ್ದೆ. ಒಳ್ಳೇದು ಮಾಡಿದ್ದನ್ನ ತಡ್ಕೊಳ್ಳೋದು ಕಷ್ಟ."

ಆದರೂ ಶಾಲೆ ಯಾರನ್ನೂ ಹೊರಗೆ ಹಾಕಿಲ್ಲವೆಂದು, ಆ ತಂದೆಯ ಮಾತಿನ ಸಮೇತ, ಮೊದಲ ಪುಟದಲ್ಲೇ ಬರೆದರು. ಎರಡನೆಯ ಪುಟದಲ್ಲಿ ಇನ್ನೊಂದು ಮಾತು: ಈ ಬಡಾವಣೆಯಲ್ಲಿರುವಷ್ಟು ಅಂಗವಿಕಲ ಮಕ್ಕಳು ಶಾಲೆಯೊಳಗಿಲ್ಲ, ಅವರಿಗೆ ಕಲಿಸುವ ಶಿಕ್ಷಕರಿಲ್ಲವೆಂದು ತಾಯಂದಿರನ್ನು ಬಾಗಿಲಲ್ಲೇ ಕಳಿಸಲಾಗಿದೆ.

ಮುಂದಿನ ಹಾಡಿನ ಅಭ್ಯಾಸದ ದಿನ ಡೆಲ್ಫೀನ್ ವರದಿ ಹಿಡಿದು ಚರ್ಚಿನ ಮೆಟ್ಟಿಲಲ್ಲೇ ಅಡ್ಡಗಟ್ಟಿದರು. "ಏನೇ, ಹೊಟ್ಟೆಕಿಚ್ಚು ತೀರಿಸ್ಕೊಂಡ್ಯಾ?"

"ತೀರಿಸ್ಕೊಂಡಿದ್ರೆ ನಿನ್ನ ಸ್ಕೂಲಿಗೂ ಬೀಗ ಬೀಳ್ತಿತ್ತು ಕಣೇ. ಮೊದಲನೇ ಪುಟ ಓದಿದ್ಯಾ?"

ಡೆಲ್ಫೀನ್ ಓದಿರಲಿಲ್ಲ. ಅಲ್ಲೇ ನಿಂತು ಓದಿದರು. ಅಂದೂ ಇಬ್ಬರೂ ಅಕ್ಕಪಕ್ಕ ನಿಂತೇ ಹಾಡಿದರು.

ಪರವಾನಗಿ ಮುಂದುವರಿಯಿತು, ಷರತ್ತಿನ ಮೇಲೆ. ಈ ವರ್ಷ ವಿಶೇಷ ಶಿಕ್ಷಕರು ಬಂದಿದ್ದಾರೆ. ಗಾಲಿಕುರ್ಚಿಯ ಹುಡುಗಿಯೊಬ್ಬಳು ಈಗ ವ್ಯಾನಿನಿಂದ ಇಳಿಯುತ್ತಿದ್ದಾಳೆ. ವರ್ನೆಟಾ ಕಣ್ಣು ಕೀಲಿಸಿ ನೋಡುತ್ತಾರೆ.

ಈಗಲಾದರೂ ಹೊಟ್ಟೆಕಿಚ್ಚು ಇಳಿಯಿತೇ?

"ಎಲ್ಲಿ ಇಳಿಯುತ್ತೆ! ಬರೆಯೋವಾಗ ಕೈಗೆ ಇಳೀದೆ ಇದ್ರೆ ಸಾಕು," ಎನ್ನುತ್ತಾರೆ. ಆಮೇಲೆ ಟೋಪಿ ತೆಗೆದು ಕೂದಲು ಸರಿಮಾಡಿಕೊಳ್ಳುತ್ತಾರೆ. "ಪೇಪರಲ್ಲಿ ಫೋಟೋ ಹಾಕ್ತೀರಲ್ಲ? ಸ್ವಲ್ಪ ದೊಡ್ಡದಾಗೇ ಹಾಕಿ. ಡೆಲ್ಫೀನ್‌ಗೆ ಕನ್ನಡಕ ಇಲ್ದೆ ಕಾಣಲ್ಲ."