ಕೆಟ್ಟದ್ದನ್ನೇ ಮೊದಲು ಹೇಳುವ ಫಕೀರಪ್ಪ ಮೇಸ್ತ್ರಿ

ನಾನು ಶಾಲೆ ಬಿಟ್ಟಿದ್ದು 2008ರಲ್ಲಿ, ಎಂಟನೇ ಇಯತ್ತೆಯ ನಡುವೆ. ಆಮೇಲೆ ನನಗೆ ಪಾಠ ಹೇಳಿದವರು ಇಬ್ಬರು. ಗೋಡೆಗೆ ಗಿಲಾವು ಮಾಡುವುದನ್ನು ಕಲಿಸಿದ ಸೋದರಮಾವ ಒಬ್ಬ, ನನ್ನನ್ನು ಗೋವಾಕ್ಕೆ ಕರೆತಂದ ಫಕೀರಪ್ಪ ಮೇಸ್ತ್ರಿ ಇನ್ನೊಬ್ಬರು. ಮಾವನ ಪಾಠ ಬೇಗ ಹತ್ತಿತು.

ಕಟ್ಟಡದ ಕೆಲಸಕ್ಕೆ ಊರಿನಿಂದ ಮಂದಿ ಕರೆದೊಯ್ಯುವ ಮೇಸ್ತ್ರಿಗಳೆಲ್ಲ ಸಮುದ್ರ, ಮೀನು, ವಾರದ ಪಗಾರ ಅಂತ ಸಿಹಿ ಮಾತಾಡುತ್ತಾರೆ. ಫಕೀರಪ್ಪ ಮಾತ್ರ ಕೆಟ್ಟದ್ದನ್ನೇ ಮೊದಲು ಹೇಳುವ ಮನುಷ್ಯ. ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು, ಟವೆಲ್ಲಿನಿಂದ ಮುಖ ಒರೆಸಿಕೊಂಡು ಶುರು ಮಾಡಿದರು.

"ತಗಡಿನ ಶೆಡ್ಡು. ಸೊಳ್ಳಿ ಭಾಳ. ಸಂಡಾಸಕ್ಕ ಪಾಳಿ ಹಚ್ಚಬೇಕು. ಮಳಿಗಾಲದಾಗ ಮೈಮ್ಯಾಲಿನ ಅಂಗಿ ಒಣಗೂದಿಲ್ಲ. ಬರ್ತಿಯೇನು?"

"ಕನ್ಯಾ ತೋರ್ಸಾಕ ಬಂದು ಮೊದಲ ಕುಂಟಕಾಲು ತೋರ್ಸಿದಂಗಾತು ನೋಡ್ರಿ," ಎಂದಳು ನಮ್ಮವ್ವ.

"ಲಗ್ನ ಆದಮ್ಯಾಲೆ ತೋರ್ಸೂದಕ್ಕಿಂತ ಚಲೋ ಅಲ್ಲೇನವಾ?"

ತಲೆಗಿಷ್ಟು ಎಂದು ಕಮಿಷನ್ ಮುಟ್ಟಿದವರಲ್ಲ. "ತಲಿ ಎಣಿಸೂದು ಕುರಿ ಸಂತ್ಯಾಗ," ಅನ್ನುತ್ತಿದ್ದರು. ನಮ್ಮ ಜೊತೆಗೇ ದುಡಿದು, ನಮ್ಮ ಶೆಡ್ಡಿನಲ್ಲೇ ಮಲಗುತ್ತಿದ್ದರು.

ಅವರನ್ನು ನಂಬಿ, ಬಸುರಿ ಹೆಂಡತಿಯನ್ನು ಊರಲ್ಲಿ ಬಿಟ್ಟು ಗೋವಾದ ಪರ್ವರಿಗೆ ಬಂದೆ. ಹೆರಿಗೆಗೆ ಮೊದಲು ನನ್ನನ್ನು ಊರಿಗೆ ಕಳಿಸಬೇಕೆಂದು ಮಾತಾಗಿತ್ತು. ಆದರೆ ಮೇಸ್ತ್ರಿಗೂ ಗೊತ್ತಿಲ್ಲದ ಕೆಟ್ಟದ್ದೊಂದಿತ್ತು. ಅಲ್ಲಿ ಕೆಲಸ ಹಿಡಿದಿದ್ದ ಹೊಸ ಗುತ್ತಿಗೆದಾರ ಗೇಟ್ ಪಾಸ್ ಮಾಡಿಸಬೇಕೆಂದು ಎಲ್ಲರ ಆಧಾರ್ ಕಾರ್ಡು ಇಸಿದುಕೊಂಡವನು ತಿರುಗಿ ಕೊಡಲಿಲ್ಲ. ಕೇಳಿದರೆ, ಸ್ಲ್ಯಾಬ್ ಮುಗಿಯಲಿ ಅನ್ನುತ್ತಿದ್ದ. ಪಗಾರವೂ ಅವನ ಹತ್ತಿರವೇ. ವಾಚ್‌ಮನ್ ಗೇಟು ದಾಟಲು ಬಿಡುತ್ತಿರಲಿಲ್ಲ. ತಗಡಿನ ಬೇಲಿಯ ಆಚೆ ಹೆದ್ದಾರಿ. ಊರ ಕಡೆಯ ಬಸ್ಸು ಹೋದ ಸದ್ದಾದರೆ ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ಹೆರಿಗೆ ಹತ್ತಿರ ಬಂದಾಗ ಗುತ್ತಿಗೆದಾರ ಒಂದು ದಾರಿ ಹೇಳಿದ. ಬೇರೆ ಮಂದಿಯನ್ನು ಕರೆಸಿ, ನೀವು ಹೋಗಿ. ಮೇಸ್ತ್ರಿಯ ಫೋನನ್ನು ಸ್ಪೀಕರಿಗೆ ಹಾಕಿಸಿ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕುಳಿತ. ಕೊಂಕಣಿ, ಹಿಂದಿ ಬಿಟ್ಟರೆ ಅವನಿಗೆ ಬೇರೆ ಬರದು. ಆ ಕಡೆ ನಮ್ಮೂರ ಬಸಣ್ಣ, ಗಂಟು ಕಟ್ಟಿಕೊಂಡು ತಯಾರಿದ್ದವನು.

ಮೇಸ್ತ್ರಿ ಒಮ್ಮೆ ನನ್ನನ್ನು ನೋಡಿದರು. ಆಮೇಲೆ ನಗುನಗುತ್ತ, ಲಗ್ನಕ್ಕೆ ಕರೆಯುವ ದನಿಯಲ್ಲಿ, "ಬಸಣ್ಣಾ, ಇಲ್ಲಿ ಕಾರ್ಡು ಕಸ್ಕೊಂಡಾನ. ಗೇಟು ತಗಿಯೂದಿಲ್ಲ. ಪಗಾರ ಕೊಡೂದಿಲ್ಲ. ನೀ ಬರಬ್ಯಾಡ, ಯಾರನೂ ಕಳಸಬ್ಯಾಡ," ಎಂದರು. ಕಾರ್ಡು, ಗೇಟು, ಪಗಾರ ಅನ್ನುವಷ್ಟನ್ನೇ ಹಿಡಿದುಕೊಂಡು ಗುತ್ತಿಗೆದಾರ ಖುಷಿಯಿಂದ ತಲೆಯಾಡಿಸಿದ.

ಶೆಡ್ಡಿಗೆ ಬಂದ ಮೇಲೆ ಅವರ ಅಂಗಿ ಹಿಡಿದೆ. "ನನ್ನ ಹೆಂಡ್ತಿ ಇವತ್ತೋ ನಾಳೆಯೋ ಹಡೀತಾಳ ಕಾಕಾ. ಒಂದ ಸುಳ್ಳು ಹೇಳಿದ್ರ ನಿಮ್ಮ ಗಂಟೇನು ಹೋಗ್ತಿತ್ತು?"

"ನಿನ್ನ ಬದ್ಲಿ ಬರಾಂವಗೂ ಹೆಂಡ್ತಿ ಅದಾಳಪಾ."

ಯಾರೂ ಬರಲಿಲ್ಲ. ಮಗಳು ಹುಟ್ಟಿದ ಸುದ್ದಿ ಫೋನಿನಲ್ಲಿ ಬಂತು. ಮಳೆಗಾಲ ಮುಗಿಯುವವರೆಗೂ ಒಂದೇ ಶೆಡ್ಡಿನಲ್ಲಿದ್ದೂ ಮೇಸ್ತ್ರಿಯ ಜೊತೆ ಮಾತು ಬಿಟ್ಟೆ. ಸ್ಲ್ಯಾಬ್ ಮುಗಿದು, ಕಾರ್ಡು, ಪಗಾರ ಎರಡೂ ಕೈಗೆ ಬಂದ ದಿನ, ಪಣಜಿಯ ಬಸ್ ಸ್ಟ್ಯಾಂಡಿನಲ್ಲಿ ಅವರೇ ಹತ್ತಿರ ಬಂದರು.

"ಇನ್ನೂ ಸಿಟ್ಟೈತೇನು?"

"ಐತ್ರಿ."

"ಇರ್ಲಿ. ಕೂಸಿಗೆ ಹೆಸರೇನಿಟ್ರಿ?"

"ಇಟ್ಟಿಲ್ರಿ. ನಾ ಹೋಗಬೇಕು."

ಅವರು ಬಸ್ಸು ಹತ್ತಲಿಲ್ಲ. ನಮ್ಮ ಮನೆಗಳ ಮುಂದೆ ಹಾದುಹೋಗಲು ಮುಖವಿಲ್ಲ ಅಂದರಂತೆ. ಗೋವಾದಲ್ಲೇ, ಬಾಯ್ನಾ ಕಡೆ ಮೀನಿನ ಬುಟ್ಟಿ ಹೊರುತ್ತಿದ್ದಾರೆಂದು ಕೇಳಿದೆ. ಆಮೇಲೆ, ತೀರಿಹೋದರೆಂದು ಕೇಳಿದೆ. ಸಿಟ್ಟು ಪೂರ್ತಿ ಹೋಗಿದೆ ಎಂದು ನಾನು ಹೇಳುವುದಿಲ್ಲ.

ಈಗ ನಾನೇ ಗಿಲಾವಿನ ಕೆಲಸ ಗುತ್ತಿಗೆ ಹಿಡಿಯುತ್ತೇನೆ. ಗೋವಾದ ಕೊರ್ತಾಲಿಮ್‌ನಲ್ಲಿ ಬಾಡಿಗೆಯ ಎರಡು ಕೋಣೆ, ಒಂದು ಬೈಕು, ಹೆಂಡತಿ, ಮಗಳು. ಕೆಲಸಕ್ಕೆ ಆರು ಮಂದಿ, ಕಾರ್ಡು ಅವರವರ ಕಿಸೆಯಲ್ಲೇ. ಈ ವಾರ ನಾಲ್ವರು ಊರಿಗೆ ಹೋಗಿದ್ದಾರೆ. ಇಬ್ಬರಿದ್ದಾರೆ.