ಹನ್ನೆರಡು ಪುಟಕ್ಕೆ ಲಿಂಗಮ್ಮನ ಹೆಬ್ಬೆಟ್ಟು

ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಬಿಸಿಲೆ ಕಡೆಯ ಕಾಫಿ ಎಸ್ಟೇಟೊಂದರ ಮಕ್ಕಳ ಮನೆಯಲ್ಲಿ ಹಾಲು ಉಕ್ಕುವ ಹೊತ್ತು. ಏಳನೇ ತರಗತಿಯ ಮೇಘಾ ಕಂಕುಳಲ್ಲಿ ತಮ್ಮನನ್ನು, ಹೆಗಲಲ್ಲಿ ಬ್ಯಾಗನ್ನು ಹೊತ್ತು ಏದುಸಿರು ಬಿಡುತ್ತಾ ಒಳಗೆ ಬರುತ್ತಾಳೆ. ಆಯಾ ಲಿಂಗಮ್ಮ ಮೊದಲು ಮಗುವನ್ನು ಇಸಿದುಕೊಳ್ಳುತ್ತಾರೆ.

"ಕೂಸು ಇತ್ಲಾಗೆ ಕೊಡವ್ವ. ನೀನು ಪುಸ್ತಕ ತೆಗಿ. ಜೋರಾಗಿ ಓದು, ಒಲೆ ತಾವ ಇದ್ರೂ ನಂಗೆ ಕೇಳ್ಬೇಕು."

ಕೂಲಿಯವರು ತೋಟಕ್ಕೆ ಹೋದಾಗ ಅವರ ಕೂಸುಗಳನ್ನು ನೋಡಿಕೊಳ್ಳುವುದು ಐವತ್ನಾಲ್ಕರ ಲಿಂಗಮ್ಮನ ಕೆಲಸ. ಎಸ್ಟೇಟಿನ ಲೆಕ್ಕದಲ್ಲಿ ಬಾಗಿಲು ತೆಗೆಯಬೇಕಾದದ್ದು ಏಳೂವರೆಗೆ. ಆರಕ್ಕೇ ತೆಗೆಯುವುದು ಅವರದೇ ಹಟ. ಕೂಲಿಯವರ ಲೈನ್ ಮನೆಗಳಲ್ಲಿ ಅಪ್ಪ ಅಮ್ಮ ನೀರು, ಸೌದೆ, ಬುತ್ತಿ ಎಂದು ಓಡಾಡುವಾಗ ಕೂಸು ಎತ್ತಿಕೊಳ್ಳುವುದು ದೊಡ್ಡ ಮಕ್ಕಳ ಪಾಲು. ಎಂಟಕ್ಕೆ ಬಸ್ಸು. ಸಂಜೆ ಆರಕ್ಕೆ ವಾಪಸ್ಸು. ಆಮೇಲೆ ಕರೆಂಟಿನ ಮರ್ಜಿ. ಓದಿಗೆಂದು ನೆಮ್ಮದಿಯಾಗಿ ಸಿಗುವುದು ಮುಂಜಾನೆಯ ಈ ಎರಡು ತಾಸು ಮಾತ್ರ.

ಓದೋ, ಅದೇನು ಕಡಿಮೆಯೇ! ಆರನೇ ಕ್ಲಾಸಿನ ಮಗುವಿನ ಬ್ಯಾಗನ್ನು ಯಾರಾದರೂ ಒಮ್ಮೆ ಎತ್ತಿ ನೋಡಬೇಕು. ಸೊಂಟ ಉಳುಕಿದರೆ ಪತ್ರಿಕೆ ಹೊಣೆಯಲ್ಲ. ಗಣಿತ, ಇಂಗ್ಲಿಷ್ ಕಾಪಿ, ವಿಜ್ಞಾನದ ಚಿತ್ರ ಎಲ್ಲ ಮುಗಿದ ಮೇಲೆ ಲೈಬ್ರರಿ ಪುಸ್ತಕದ ಹನ್ನೆರಡು ಪುಟ ಗಟ್ಟಿಯಾಗಿ ಓದಬೇಕು. ಓದಿದ್ದಕ್ಕೆ ಸಾಕ್ಷಿಯಾಗಿ ಮನೆಯ ಹಿರಿಯರು ಡೈರಿಗೆ ಸಹಿ ಹಾಕಬೇಕು. ಸಹಿ ಇಲ್ಲದಿದ್ದರೆ ಓದಿಲ್ಲವೆಂದೇ ಲೆಕ್ಕ, ಅಂಕ ಕಡಿತ. ಇಲ್ಲಿಗೆ ಬರುವ ಒಂಬತ್ತು ಮಕ್ಕಳ ಮನೆಗಳಲ್ಲಿ ಕೂತು ಕೇಳಲು ಯಾರಿಗೂ ಪುರುಸೊತ್ತಿಲ್ಲ. ಹಾಗಾಗಿ ಒಂಬತ್ತು ಡೈರಿಗಳಲ್ಲೂ ಇರುವುದು ಒಂದೇ ಹೆಬ್ಬೆಟ್ಟು. ಅದು ಲಿಂಗಮ್ಮನದು. ಶಾಯಿ ಡಬ್ಬಿ ಎಸ್ಟೇಟ್ ಸ್ಟೋರಿನದು.

ಲಿಂಗಮ್ಮನಿಗೆ ಅಕ್ಷರ ಬಾರದು. ಹುಟ್ಟಿದ್ದು ಆಲೂರಿನ ಪಾಳ್ಯದ ಹತ್ತಿರ, ಆರು ಮಕ್ಕಳಲ್ಲಿ ಮೊದಲನೆಯವರಾಗಿ. "ನನ್ ಸೊಂಟದ್ ಮ್ಯಾಲೆ ಯಾವಾಗ್ಲೂ ಒಂದು ಕೂಸು. ಕೂಸು ಹೊತ್ಕೊಂಡು ಸ್ಕೂಲ್ ಬಾಗ್ಲಗಂಟ ಹೋಗಿವ್ನಿ, ಒಳೀಕೆ ಬಿಡ್ನಿಲ್ಲ. ಅಳ್ತದೆ ಅಂದ್ರು" ಎನ್ನುತ್ತಾ ಹಾಲಿಗೆ ಸಕ್ಕರೆ ಹಾಕುತ್ತಾರೆ. ಮರುಕ ಅವರಿಗೆ ಬೇಕಿಲ್ಲ. ಕೂಸುಗಳ ಹನ್ನೊಂದು ಲೋಟ ಸಾಲಾಗಿ ಕಾದಿವೆ.

ಎಡವಟ್ಟಾದದ್ದು ಕಳೆದ ವರ್ಷ, ಇದೇ ಮೇಘಾಳಿಂದ. ನಾಲ್ಕು ದಿನ ಅವಳು ಸೊಗಸಾದ ಕತೆಯೊಂದನ್ನು ಓದಿದಳು. ಮಾರನಹಳ್ಳಿಯಲ್ಲಿ ಮೇಕೆಯೊಂದು ಸಮುದ್ರ ನೋಡಬೇಕೆಂದು ಲಾರಿ ಹತ್ತುತ್ತದೆ. ಘಾಟಿ ಇಳಿಯುವಾಗ ಡ್ರೈವರಿಗೆ ನಿದ್ದೆ ಬಾರದಂತೆ ಹಿಂದಿನಿಂದ ಕೂಗುತ್ತಲೇ ಇರುತ್ತದೆ. ಲಿಂಗಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕು ನಾಲ್ಕು ಹೆಬ್ಬೆಟ್ಟು ಒತ್ತಿದರು. ಐದನೇ ದಿನ ಶಾಲೆಯಲ್ಲಿ ಜಯಕುಮಾರ್ ಮೇಷ್ಟ್ರು ಪುಸ್ತಕದ ಬಗ್ಗೆ ಪ್ರಶ್ನೆ ಕೇಳಿದಾಗ ಮೇಘಾ ಕಣ್ಣು ಕಣ್ಣು ಬಿಟ್ಟಳು. ಪುಸ್ತಕ ಇದ್ದದ್ದು ಜೇನುನೊಣಗಳ ಬಗ್ಗೆ. ಮೇಕೆಯ ಸುಳಿವೇ ಇರಲಿಲ್ಲ.

"ಹಾಳೆ ಮಗುಚೋದು ಸೈತ ಸರಿಯಾಗೇ ಇತ್ತು ಕಣ್ರೀ! ಕಳ್ಳಿ, ಕಣ್ಣು ಪುಸ್ತಕದ್ ಮ್ಯಾಲೇ ಮಡಗಿದ್ಲು" ಎಂದು ಲಿಂಗಮ್ಮ ಈಗಲೂ ಬೆರಗಾಗುತ್ತಾರೆ. ಮನೆಯಲ್ಲಿ ತಮ್ಮನಿಗೆ ಜ್ವರ, ಹೋಂವರ್ಕೇ ಮುಗಿದಿರಲಿಲ್ಲ, ಕಣ್ಣು ಉರಿಯುತ್ತಿತ್ತು, ಪುಟದ ಮೇಲೆ ಅಕ್ಷರ ನಿಲ್ಲುತ್ತಿರಲಿಲ್ಲ ಎಂದು ಮೇಘಾ ಅತ್ತಳಂತೆ. ಆದರೆ ಶಾಲೆ ಕೇಳಬೇಕಲ್ಲ. ಓದು ಬಾರದವರ ಹೆಬ್ಬೆಟ್ಟು ಇನ್ನು ನಡೆಯದು ಎಂದು ಡೈರಿಯಲ್ಲಿ ಕೆಂಪು ಶಾಯಿಯ ಸೂಚನೆ ಬಂತು. ಒಬ್ಬಳು ಮಾಡಿದ್ದಕ್ಕೆ ಒಂಬತ್ತೂ ಮಕ್ಕಳ ಅಂಕಕ್ಕೆ ಕುತ್ತು.

ಲಿಂಗಮ್ಮನಿಗೆ ಎರಡು ದಿನ ಊಟ ಸೇರಲಿಲ್ಲ. ಮೂರನೇ ದಿನ ಒಂದು ಉಪಾಯ ಹೊಳೆಯಿತು. ಒಂದು ಮಗು ಓದುವಾಗ ನಡುವೆ ಎಲ್ಲೋ ಒಂದು ಪುಟಕ್ಕೆ ಲಿಂಗಮ್ಮನೇ ಕಾಫಿ ಎಲೆ ಸಿಕ್ಕಿಸುತ್ತಾರೆ. ಮರುದಿನ ಅದೇ ಪುಟವನ್ನು ಬೇರೆ ಮಗು ಓದಬೇಕು. ಎರಡೂ ಬಾಯಲ್ಲಿ ಒಂದೇ ಮಾತು ಬಂದರೆ ಮಾತ್ರ ಹೆಬ್ಬೆಟ್ಟು. ಒಂಬತ್ತು ಪುಸ್ತಕ, ಒಂಬತ್ತು ಎಲೆ, ಎಲ್ಲವೂ ಅವರ ನೆನಪಿನಲ್ಲಿ.

ಮಕ್ಕಳಿಂದ ಇದನ್ನು ಕೇಳಿದ ಮೇಷ್ಟ್ರಿಗೆ ನಂಬಿಕೆ ಬರಲಿಲ್ಲ. ಒಂದು ಮುಂಜಾನೆ ಬೈಕಿನಲ್ಲಿ ಬಂದೇಬಿಟ್ಟರು. ಎಲೆ ಇದ್ದ ಪುಸ್ತಕವೊಂದನ್ನು ಎತ್ತಿಕೊಂಡು, "ಇದು ಅಭಿಲಾಷ್ ಪುಸ್ತಕ. ನಿನ್ನೆ ಈ ಪುಟದಲ್ಲಿ ಏನು ಓದಿದ ಹೇಳಿ ಲಿಂಗಮ್ಮ" ಎಂದರು. ಲಿಂಗಮ್ಮ ಮಗುವಿನ ಮೂಗು ಒರೆಸುತ್ತಲೇ ಹೇಳಿದರು. ಕೆರೆ ಏರಿ ಒಡೆದದ್ದು, ಊರವರು ಮಣ್ಣು ಹೊತ್ತದ್ದು, ಯಾವುದೂ ತಪ್ಪಲಿಲ್ಲ. ಕೊನೆಗೆ, "ಇಲ್ಲೇ ಮೂರು ಕಿತ ತಡವರಿಸ್ದ ಮೇಷ್ಟ್ರೇ. ಒತ್ತಕ್ಷರ ಅವನ್ಗೆ ಹತ್ತಾಕಿಲ್ಲ. ವಸಿ ನೋಡ್ಕಳಿ" ಎಂದು ಸೇರಿಸಿದರು.

ಮೇಷ್ಟ್ರು ಪುಸ್ತಕ ಮುಚ್ಚಿಟ್ಟು ಕಾಫಿ ಕುಡಿದು ಹೋದರು. "ನಲವತ್ತು ಮಕ್ಕಳಿರೋ ಕ್ಲಾಸಲ್ಲಿ ಅದು ನನ್ನ ಕಿವಿಗೇ ಬಿದ್ದಿರಲಿಲ್ಲ" ಎಂದು ಅವರೇ ಒಪ್ಪಿಕೊಳ್ಳುತ್ತಾರೆ. ಈ ವರ್ಷದ ಡೈರಿಯಲ್ಲಿ 'ಪೋಷಕರ ಸಹಿ' ಎಂದಿದ್ದ ಜಾಗದಲ್ಲಿ 'ಓದಿದ್ದನ್ನು ಕೇಳಿದವರು' ಎಂದು ಅಚ್ಚಾಗಿದೆ. ಪುಟಗಳು ಮಾತ್ರ ಹನ್ನೆರಡಾಗಿಯೇ ಉಳಿದಿವೆ.

ಎಂಟಕ್ಕೆ ಐದು ನಿಮಿಷವಿದೆ. ಲಿಂಗಮ್ಮ ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಳ್ಳುತ್ತಾರೆ. ನಿಮಗೇನಾದರೂ ಆಸೆ ಇದೆಯೇ ಎಂದು ಕೇಳಿದರೆ, ಬಸ್ಸಿಗೆ ಓಡುತ್ತಿರುವ ಮೇಘಾಳ ಕಡೆ ನೋಡಿ ದನಿ ತಗ್ಗಿಸುತ್ತಾರೆ.

"ಆ ಮೇಕೆ ಸಮುದ್ರ ನೋಡ್ತೋ ಇಲ್ವೋ, ಅದೊಂದು ಗೊತ್ತಾಗ್ಬೇಕು ನಂಗೆ. ಬೈಸ್ಕೊಂಡ್ ಮ್ಯಾಲೆ ಮುಂದಕ್ಕೆ ಹೇಳ್ನೇ ಇಲ್ಲ ಅವ್ಳು. ಹೆಬ್ಬೆಟ್ಟು ಒತ್ತಾಕಿಲ್ಲ ಬುಡಿ ಅದ್ಕೆ. ಸುಮ್ಕೆ ಕೇಳ್ತೀನಿ."